ನಾದಕ್ಕೊಂದು ಕೊಠಡಿ

ಚನ್ನಪಟ್ಟಣವೆಂದೊಡನೆ ಇಂದು ನಮ್ಮ ಕಣ್ಮುಂದೆ ಬಂದು ನಿಲ್ಲುವುವು ಅರಗಿನ ಬಣ್ಣ ಹಚ್ಚಿದ ಮರದ ಬೊಂಬೆಗಳು. ಆದರೆ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಕುಂಪಣಿ ಸರ್ಕಾರದ ಆಜ್ಞೆಯ ಮೇರೆಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಡುದನ್ನು ಕಂಡ ಹಾಗೆ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಊರಿಗೆ ಬಂದಾಗ, ಇಲ್ಲಿಯ ಕೈಗಾರಿಕೆಗಳ ಪೈಕಿ ಅವನು ಗಮನವಿಟ್ಟು ಬರೆದವುಗಳಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯ ತಯಾರಿಕೆಯೂ ಒಂದು. ಆ ತಂತಿಗೆ ಭಾರತದ ದೂರದೂರದ ಪ್ರಾಂತಗಳಲ್ಲಿಯೂ ಬೇಡಿಕೆಯಿದ್ದಿತು. ಇದೇ ಊರಿನ ಮಗ್ಗುಲಲ್ಲಿರುವ ಮಳೂರಿನ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ‘ಜಗದೋದ್ಧಾರನ’ ಕೃತಿಯನ್ನು ಹಾಡಿದರೆಂಬ ಪ್ರತೀತಿಯೂ ಬಹುಕಾಲದಿಂದ ನಡೆದುಬಂದಿದೆ. ಇಂತಹ ಸೀಮೆಯಲ್ಲಿ ನಿಂತು, ಸಂಗೀತವನ್ನು ಮನೆಯ ಒಂದು ಪುಟ್ಟ ಕೊಠಡಿಯಲ್ಲಿ ಕುಳಿತು ಚೆನ್ನಾಗಿ ಕೇಳುವುದು ಹೇಗೆ, ಅದಕ್ಕಾಗಿ ಗೋಡೆಗೂ ನೆಲಕ್ಕೂ ಮಾಡಬೇಕಾದ ಉಪಚಾರವೇನು ಎಂಬ ಪ್ರಶ್ನೆಯನ್ನೆತ್ತುವುದು ಅನುಚಿತವಾಗಲಾರದು.

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಲ್ಲಿಯೋ ಅದರ ನೆರೆಯ ಇನ್ನಾವುದೋ ಊರಿನಲ್ಲಿಯೋ ಈಚೆಗೆ ಕಟ್ಟಿದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹಳೆಯ ಹೆಂಚಿನ ಮನೆಯನ್ನು ಕೆಡವಿದ ಜಾಗದಲ್ಲಿ ಸಿಮೆಂಟಿನ ಗೋಡೆ, ಆರ್‌ಸಿಸಿ ಛಾವಣಿ, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸಿನ ನೆಲ. ಮಹಡಿಯ ಮೇಲಣ ಕೊಠಡಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು, ಸಂಗೀತದಲ್ಲಿ ಆಸಕ್ತಿಯುಳ್ಳ ತಂದೆಗೆಂದು, ಅಂಗಡಿಯಲ್ಲಿ ಗಂಟೆಗಟ್ಟಲೆ ಕೇಳಿ ಪರೀಕ್ಷಿಸಿ, ಸಾಕಷ್ಟು ಹಣವನ್ನೂ ತೆತ್ತು ತಂದ ಒಂದು ಜೊತೆ ಸ್ಪೀಕರುಗಳನ್ನು ಆ ಕೊಠಡಿಯಲ್ಲಿ ಇಟ್ಟು ಹಾಡಿಸಿದರೆ, ಅಂಗಡಿಯಲ್ಲಿ ಅಷ್ಟು ನಿಚ್ಚಳವಾಗಿದ್ದ ಗಾಯನವು ಇಲ್ಲಿ ಸಾಹಿತ್ಯವೇ ತಿಳಿಯದಂತೆ ಕಲಸಿಹೋಗುತ್ತದೆ. ಮೃದಂಗದ ಎಡದ ಪೆಟ್ಟು ಒಂದೊಂದಾಗಿ ಕೇಳದೆ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. “ಸ್ಪೀಕರ್ ಯಾಕೋ ಸರಿಗಿಲ್ಲ ಕಣ್ಲಾ ಮಗ, ಬರೀ ಗುಂಯ್ ಅಂತದೆ” ಎಂದು ತಂದೆ ಹೇಳುತ್ತಾರೆ. ಅವರ ಕಿವಿ ಹೇಳಿದ್ದು ಅಕ್ಷರಶಃ ನಿಜ. ಆದರೆ ಅಪರಾಧವು ಸ್ಪೀಕರಿನದಲ್ಲ, ಕೊಠಡಿಯದು.

ಶಬ್ದವು ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಚಲಿಸುವುದರಿಂದ, ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಧ್ವನಿಯು ಒಂದು ಸೆಕೆಂಡಿನಲ್ಲಿ ನೂರಕ್ಕೂ ಹೆಚ್ಚು ಸಾರಿ ಗೋಡೆಗೆ ತಾಗಿ ಹಿಂದಿರುಗುತ್ತದೆ. ಸಿಮೆಂಟಿನ ಗಾರೆಯೂ ನುಣುಪು ಟೈಲ್ಸೂ ತಮಗೆ ತಾಗಿದ ಧ್ವನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರಿ ಉಳಿದುದನ್ನೆಲ್ಲ ಮರಳಿ ಕೊಠಡಿಗೇ ಎಸೆಯತಕ್ಕವು. ಹೀಗಿರಲು, ಸ್ಪೀಕರಿನಿಂದ ನೇರವಾಗಿ ಕಿವಿಗೆ ಬಂದ ಒಂದು ಸ್ವರದ ಹಿಂದೆಯೇ ಅದರ ನೂರಾರು ಮಾರ್ದನಿಗಳು ಬಂದು ಮುತ್ತಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಮಾನನ್ನು ತುಂಬುವ ಮೊದಲು ಆ ಬರಿಯ ಕೊಠಡಿಯ ಮಧ್ಯದಲ್ಲಿ ನಿಂತು ಒಂದೇ ಒಂದು ಚಪ್ಪಾಳೆಯನ್ನು ಗಟ್ಟಿಯಾಗಿ ತಟ್ಟಿ ನೋಡಿರಿ: ಪೆಟ್ಟಿನ ಸದ್ದು ಮುಗಿದ ಮೇಲೆಯೂ ಗಾಳಿಯಲ್ಲಿ ಝಿಣ್ ಎಂಬ ಒಂದು ಲೋಹದ ನಡುಕವು ಕ್ಷಣಕಾಲ ಉಳಿದು, ಸಣ್ಣದಾಗುತ್ತ ಆಗುತ್ತ ಅಡಗುವುದು. ಎದುರುಬದುರಾದ ಎರಡು ಬೋಳು ಗೋಡೆಗಳು ಆ ಚಪ್ಪಾಳೆಯನ್ನು ಒಂದರ ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿರುವ ಸದ್ದು ಅದು.

ಈ ತೊಡಕು ನಮ್ಮ ತಂದೆ ತಾತಂದಿರನ್ನು ಏಕೆ ಕಾಡಲಿಲ್ಲವೆಂದು ಯೋಚಿಸಿದರೆ ವಿಷಯವು ಅರ್ಧ ತಿಳಿದಂತೆಯೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದ ಮೇಲೆ, ಈ ಸೀಮೆಯ ಅನುಕೂಲಸ್ಥರ ಮನೆಗಳಿಗೆ ಕ್ರಮೇಣ ರೇಡಿಯೋ ಬಂದಿತು. ಆ ಪೆಟ್ಟಿಗೆಯೊಳಗಿನ ಸಣ್ಣ ಸ್ಪೀಕರಿಗೆ ಗಂಭೀರವಾದ ಮಂದ್ರಧ್ವನಿಯನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ಅದನ್ನು ಇಟ್ಟಿದ್ದ ಪಡಸಾಲೆಯಾದರೋ ಮಣ್ಣಿನ ಗೋಡೆ, ಹಲಗೆಯ ಅಟ್ಟ, ಸಂದುಗಳುಳ್ಳ ಹೆಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಮೂಲೆಯಲ್ಲಿ ಸುತ್ತಿ ಒಟ್ಟಿದ ಹಾಸಿಗೆಗಳು ಇವುಗಳಿಂದ ಕೂಡಿದ್ದು, ಧ್ವನಿಯನ್ನು ಹೀರುವುದಕ್ಕೂ ಹೊರಗೆ ಬಿಡುವುದಕ್ಕೂ ಸಿದ್ಧವಾಗಿದ್ದಿತು. ಇಂದು ಎರಡೂ ತಿರುಗುಮುರುಗಾಗಿವೆ: ಯಂತ್ರವು ಮಂದ್ರದ ಆಳಕ್ಕೆ ಇಳಿಯಬಲ್ಲುದಾಗಿದೆ, ಮನೆಯು ಕಲ್ಲಿನಂತೆ ಬಿರುಸಾಗಿದೆ.

ಕೊಠಡಿಯ ಧ್ವನಿಗುಣವನ್ನು ಮೊತ್ತಮೊದಲು ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ್ದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳ ಕಾಲ ಗುಂಯ್‌ಗುಟ್ಟುತ್ತಿದ್ದುದರಿಂದ ಪಾಠವೇ ಅಸಾಧ್ಯವಾಗಿ, ಪರಿಹಾರವನ್ನು ಹುಡುಕುವ ಭಾರವು ಈ ತರುಣ ಅಧ್ಯಾಪಕನ ಮೇಲೆ ಬಿದ್ದಿತು. ಅವನು ರಾತ್ರಿಯ ನಿಶ್ಶಬ್ದದಲ್ಲಿ, ಒಂದು ಆರ್ಗನ್ ಕೊಳವೆಯನ್ನೂ ಒಂದು ಗಡಿಯಾರವನ್ನೂ ಇಟ್ಟುಕೊಂಡು, ನೆರೆಯ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಹೊತ್ತು ಮಾರ್ದನಿ ತಗ್ಗಿತೆಂದು ಅಳೆದು, ಬೆಳಗಾಗುವುದರೊಳಗೆ ಅವನ್ನೆಲ್ಲ ಹಿಂದಕ್ಕೆ ಸಾಗಿಸುತ್ತಿದ್ದನು. ಇಷ್ಟು ಶ್ರಮದಿಂದ ಅವನು ಕಂಡುಕೊಂಡ ಸೂತ್ರವು ಶಾಲೆಯ ಹುಡುಗನೂ ಮಾಡಬಹುದಾದಷ್ಟು ಸುಲಭ: ಕೊಠಡಿಯ ಘನಅಡಿಗಳನ್ನು 0.049ರಿಂದ ಗುಣಿಸಿ, ಅಲ್ಲಿ ಧ್ವನಿಯನ್ನು ಹೀರುವ ಒಟ್ಟು ಚದರಡಿಗಳಿಂದ ಭಾಗಿಸಿದರೆ, ಅನುರಣನದ ಕಾಲವು, ಎಂದರೆ ಮಾರ್ದನಿಯು ಅಡಗಲು ಹಿಡಿಯುವ ಹೊತ್ತು, ಸೆಕೆಂಡುಗಳಲ್ಲಿ ದೊರೆಯುತ್ತದೆ. ಆ ಹೀರುವಿಕೆಗೆ ಅವನು ಹಿಡಿದ ಮೊದಲ ಅಳತೆಗೋಲು ನಮಗೆ ಬಹಳ ಹತ್ತಿರದ್ದು. ಅದು ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಧ್ವನಿಯು ಮರಳಿ ಬಾರದಾದ್ದರಿಂದ, ಒಂದು ಚದರಡಿ ತೆರೆದ ಕಿಟಕಿಯೆಂದರೆ ಒಂದು ಮಾನ ಪರಿಪೂರ್ಣ ಹೀರಿಕೆ. ತೊಟ್ಟಿಮನೆಯ ಆಕಾಶವು ಎಷ್ಟು ಚದರಡಿಯ ಕಿಟಕಿಯಾಗಿದ್ದಿತೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ನಮ್ಮ ಬೈರಾಪಟ್ಟಣದ ಕೊಠಡಿಗೆ ಈ ಲೆಕ್ಕವನ್ನು ಹಾಕೋಣ. ಅದರ ಘನಮಾನ 1200 ಘನಅಡಿ; ನಾಲ್ಕು ಗೋಡೆ, ನೆಲ, ಛಾವಣಿ ಸೇರಿ 680 ಚದರಡಿ; ನೂರಕ್ಕೆ ಮೂರರಂತೆ ಹೀರಿದರೆ ಇಪ್ಪತ್ತು ಚದರಡಿ ತೆರೆದ ಕಿಟಕಿಗೆ ಸಮ. ಅನುರಣನದ ಕಾಲ ಹತ್ತಿರಹತ್ತಿರ ಮೂರು ಸೆಕೆಂಡು. ಇಷ್ಟು ಚಿಕ್ಕ ಕೊಠಡಿಯಲ್ಲಿ ಸಂಗೀತವು ಹಿತವಾಗಿ ಕೇಳಬೇಕಾದರೆ ಅದು 0.3ರಿಂದ 0.5 ಸೆಕೆಂಡಿನೊಳಗೆ ಇರತಕ್ಕದ್ದು, 0.4 ಎಂದು ಇಟ್ಟುಕೊಂಡರೆ ಒಟ್ಟು 147 ಚದರಡಿಯಷ್ಟು ಹೀರಿಕೆ ಬೇಕು. ಗೋಡೆ ನೆಲಗಳ ಆ ಇಪ್ಪತ್ತರ ಜೊತೆಗೆ ದಿವಾನ, ಜಮಖಾನ, ಪುಸ್ತಕದ ಕಪಾಟು, ಕುಳಿತ ಇಬ್ಬರು ಮನುಷ್ಯರು ಇವೆಲ್ಲ ಸೇರಿ ನಲವತ್ತರಷ್ಟನ್ನು ಪೂರೈಸಿದರೆ, ಉಳಿದ ಎಂಬತ್ತು ತೊಂಬತ್ತು ಚದರಡಿಯನ್ನು, ಎಂದರೆ ಎರಡಡಿ ಅಗಲ ನಾಲ್ಕಡಿ ಎತ್ತರದ ಹನ್ನೊಂದು ಚೌಕಟ್ಟುಗಳನ್ನು, ನಾವು ಬೇರೆಯಾಗಿ ಒದಗಿಸಬೇಕಾಗುತ್ತದೆ. ಒಮ್ಮೆಗೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಆದರೆ ಗೋಡೆಗೆ ಒಂದೆರಡು ಚಿತ್ರಪಟವನ್ನು ತೂಗುಹಾಕಿದ ಮಾತ್ರಕ್ಕೆ ಮುಗಿಯುವ ಕೆಲಸವಿದಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಸಬೈನನ ಸೂತ್ರವು ಹುಟ್ಟಿದ್ದು ದೊಡ್ಡ ಮಂದಿರಗಳಿಗಾಗಿ. ದೊಡ್ಡ ಕಟ್ಟಡದ ದೋಷವೇ ಬೇರೆ, ಪುಟ್ಟ ಕೊಠಡಿಯ ದೋಷವೇ ಬೇರೆ. ವಿಜಯಪುರದ ಗೋಲಗುಂಬಜದಲ್ಲಿ ಒಂದು ಕೂಗು ಹಲವು ಸಾರಿ ಬಿಡಿಬಿಡಿಯಾಗಿ ಮರಳುವುದನ್ನೂ, ಗೋಡೆಯ ಬಳಿ ಪಿಸುಗುಟ್ಟಿದ ಮಾತು ಆಚೆಯ ತುದಿಯಲ್ಲಿ ಕಿವಿಯಲ್ಲಿಯೇ ಹೇಳಿದಂತೆ ಕೇಳುವುದನ್ನೂ ಬಲ್ಲೆವಷ್ಟೆ; ಲಂಡನ್ನಿನ ಸಂತ ಪಾಲರ ಇಗರ್ಜಿಯ ಇಂತಹುದೇ ಪಿಸುಮಾತಿನ ಮೊಗಸಾಲೆಯನ್ನು 1921ರಲ್ಲಿ ಪರೀಕ್ಷಿಸಿದ ಸಿ. ವಿ. ರಾಮನ್ನರು ಮುಂದೆ ಬೆಂಗಳೂರಿನವರೇ ಆದರು. ಅಲ್ಲೆಲ್ಲ ಧ್ವನಿಗೆ ಓಡಾಡಲು ಅವಕಾಶವುಂಟು. ಹತ್ತಡಿಯ ಕೋಣೆಯಲ್ಲಾದರೋ ಮಂದ್ರಧ್ವನಿಯ ಒಂದು ಅಲೆಯೇ ಕೋಣೆಗಿಂತ ಉದ್ದವಾಗಿರುವುದು! ಐವತ್ತು ಹರ್ಟ್ಸ್ ಎಂದರೆ ಸೆಕೆಂಡಿಗೆ ಐವತ್ತು ಸಾರಿ ಕಂಪಿಸುವ ಧ್ವನಿಯ ಒಂದು ಅಲೆಯ ಉದ್ದ ಸುಮಾರು ಏಳು ಮೀಟರು. ಅಂತಹ ಅಲೆಯ ಅರ್ಧವು ಗೋಡೆಗಳ ಅಂತರಕ್ಕೆ ಸರಿಹೊಂದಿತೆಂದರೆ, ನೀರು ತುಂಬಿದ ಕೊಪ್ಪರಿಗೆಯನ್ನು ಅಲುಗಿಸಿದಾಗ ನೀರು ದಡದಿಂದ ದಡಕ್ಕೆ ತೊನೆಯುವ ಹಾಗೆ, ಕೊಠಡಿಯ ಗಾಳಿಯೆಲ್ಲ ತೊನೆಯತೊಡಗಿ, ಆ ಒಂದು ಸ್ವರವು ಮಾತ್ರ ತನ್ನ ಯೋಗ್ಯತೆಗೆ ಮೀರಿ ಉಬ್ಬಿ, ಸ್ಪೀಕರು ನಿಂತ ಮೇಲೆಯೂ ಗುಮ್ಮೆನ್ನುತ್ತಿರುತ್ತದೆ.

ನಮ್ಮ ಕೊಠಡಿಯ ಹನ್ನೆರಡಡಿ ಉದ್ದಕ್ಕೆ ಆ ಸ್ವರ ಸುಮಾರು 47 ಹರ್ಟ್ಸ್. ಹತ್ತಡಿ ಅಗಲಕ್ಕೆ ಸುಮಾರು 57. ಹತ್ತಡಿ ಎತ್ತರಕ್ಕೂ ಅದೇ 57. ಅಗಲವೂ ಎತ್ತರವೂ ಸಮನಾಗಿರುವುದರಿಂದ ಎರಡು ದೋಷಗಳು ಒಂದೇ ಸ್ವರದ ಮೇಲೆ ಕೂಡಿ ಬಿದ್ದಿವೆ. ಅದರಿಂದ ಮೇಲಕ್ಕೆ 74ರವರೆಗೆ ಬಲವಾದ ಅನುನಾದವಿಲ್ಲ. ಹಾರ್ಮೋನಿಯಮ್ಮಿನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜವು ಸುಮಾರು 65 ಹರ್ಟ್ಸ್ ಆದ್ದರಿಂದ, ಅದು ಈ ಎರಡರ ನಡುವಣ ಹಳ್ಳಕ್ಕೆ ಬಿದ್ದು ಸೊರಗಿದಂತೆ ತೋರಬಹುದು. ಅದರ ಕೆಳಗಿನ ಸ್ವರವೊಂದು ಅಕಾರಣವಾಗಿ ಅಬ್ಬರಿಸಬಹುದು. ತಂದೆಯವರು ಹೇಳಿದ ‘ಗುಂಯ್’ಯ ಮೂಲ ಇಲ್ಲಿದೆ. ತೊನೆಯುವ ಗಾಳಿಯ ಒತ್ತಡವು ಅತ್ಯಧಿಕವಾಗಿರುವುದು ಗೋಡೆಗಳ ಬಳಿ, ಅದರಲ್ಲಿಯೂ ಮೂರು ಮೈ ಸೇರುವ ಮೂಲೆಗಳಲ್ಲಿ. ಫೋನಿನಲ್ಲಿ ಶುದ್ಧಸ್ವರವನ್ನು ಹೊರಡಿಸುವ ಅನೇಕ ಆ್ಯಪ್‌ಗಳಿವೆ. ಸ್ಪೀಕರಿನಿಂದ ಮೆಲುವಾಗಿ 57 ಹರ್ಟ್ಸಿನ ಸ್ವರವನ್ನು ಹೊರಡಿಸಿ ಕೊಠಡಿಯಲ್ಲಿ ನಿಧಾನವಾಗಿ ನಡೆದಾಡಿದರೆ, ಅಗಲದ ನಡುಮಧ್ಯದಲ್ಲಿ ಆ ಸ್ವರವು ಬಹುಮಟ್ಟಿಗೆ ಮಾಯವಾಗಿ, ಮೂಲೆಗೆ ತಲೆಯನ್ನೊಯ್ದೊಡನೆ ತುಂಬಿ ಮೊರೆಯುವುದನ್ನು ಯಾರಾದರೂ ಅನುಭವಿಸಬಹುದು.

ಆದಕಾರಣ ನನ್ನ ಅಭಿಪ್ರಾಯದಲ್ಲಿ ಉಪಚಾರವು ಮೂಲೆಯಿಂದ ಆರಂಭವಾಗತಕ್ಕದ್ದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಪೇಟೆಯಲ್ಲಿ ಕಪ್ಪು, ಕೆಂಪು, ನೀಲಿ ಬಣ್ಣಗಳಲ್ಲಿ, ಮೇಲೆ ಗೋಪುರದಂತಹ ಮೊನೆಗಳನ್ನು ಕೊಯ್ದ ಒಂದಂಗುಲದ ಫೋಮಿನ ತುಂಡುಗಳು ದೊರೆಯುತ್ತವೆ. ಅವನ್ನು ಗೋಡೆಯ ತುಂಬ ಅಂಟಿಸಿಕೊಂಡ ಚಿತ್ರಗಳನ್ನು ಎಲ್ಲೆಲ್ಲಿಯೂ ನೋಡುತ್ತೇವೆ. ಧ್ವನಿಯನ್ನು ಹೀರುವ ರಂಧ್ರಮಯ ವಸ್ತುವಿನ ನಿಯಮವು ಇಷ್ಟು: ಗಾಳಿಯ ಕಣಗಳು ಅತಿ ವೇಗವಾಗಿ ಅಲುಗಾಡುವ ಸ್ಥಳದಲ್ಲಿ ಅದು ಇದ್ದರೆ, ಆ ಕಣಗಳು ಅದರ ಎಳೆಗಳಿಗೆ ಉಜ್ಜಿ ಧ್ವನಿಯ ಶಕ್ತಿಯು ಶಾಖವಾಗಿ ಕಳೆಯುತ್ತದೆ. ಗೋಡೆಯ ಮೈಮೇಲೆ ಗಾಳಿಗೆ ಅಲುಗಲು ಎಡೆಯೇ ಇಲ್ಲ; ಅಲುಗಾಟವು ಪರಮಾವಧಿಗೆ ಮುಟ್ಟುವುದು ಗೋಡೆಯಿಂದ ಅಲೆಯ ಉದ್ದದ ಕಾಲುಭಾಗದಷ್ಟು ದೂರದಲ್ಲಿ. 1000 ಹರ್ಟ್ಸಿಗೆ ಆ ದೂರ ಎಂಟೂವರೆ ಸೆಂಟಿಮೀಟರು; 100 ಹರ್ಟ್ಸಿಗೆ ಎಂಬತ್ತಾರು ಸೆಂಟಿಮೀಟರು. ಒಂದಂಗುಲದ ಫೋಮು ಗಾಯಕಿಯ ತಾರಸ್ಥಾಯಿಯ ಹೊಳಪನ್ನೂ ತಾಳದ ಕಿಣಿಕಿಣಿಯನ್ನೂ ಕಬಳಿಸಿ, ಮಂದ್ರದ ಗುಮ್ಮೆನ್ನುವಿಕೆಯನ್ನು ಮುಟ್ಟದೆ ಹಾಗೆಯೇ ಬಿಡುತ್ತದೆ. ಹಣವನ್ನು ತೆತ್ತು ಕೊಠಡಿಯನ್ನು ಇನ್ನಷ್ಟು ಕೆಡಿಸಿಕೊಂಡಂತಾಯಿತು. ಜಮಖಾನದ ಗುಣವೂ ಇದೇ: ಸಿಮೆಂಟಿನ ಮೇಲೆ ಹಾಸಿದ ದಪ್ಪ ರತ್ನಗಂಬಳಿಯು 4000 ಹರ್ಟ್ಸಿನ ಧ್ವನಿಯಲ್ಲಿ ನೂರಕ್ಕೆ ಅರುವತ್ತೈದರಷ್ಟನ್ನು ಹೀರಿದರೆ, 125 ಹರ್ಟ್ಸಿನಲ್ಲಿ ನೂರಕ್ಕೆ ಎರಡನ್ನೂ ದಾಟುವುದಿಲ್ಲ. ಮೊಟ್ಟೆಯ ಟ್ರೇಗಳನ್ನು ಅಂಟಿಸುವವರನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಆ ತೆಳು ರಟ್ಟಿನಿಂದ ಆಗುವ ಪ್ರಯೋಜನ ಅತ್ಯಲ್ಪ, ಬೆಂಕಿಯ ಭಯವೇ ಅಧಿಕ.

ಬೆಂಕಿಯ ಮಾತು ಬಂದುದರಿಂದ ಒಂದು ದುರಂತವನ್ನು ನೆನೆಯದೆ ಮುಂದುವರಿಯಲಾರೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ‘ದಿ ಸ್ಟೇಷನ್’ ಎಂಬ ನೈಟ್‌ಕ್ಲಬ್ಬಿನಲ್ಲಿ, ಸದ್ದನ್ನು ತಗ್ಗಿಸಲೆಂದು ಗೋಡೆಗೆ ಹೊದಿಸಿದ್ದ ಪಾಲಿಯೂರಿಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಾಗಿ, ಕೆಲವೇ ನಿಮಿಷಗಳಲ್ಲಿ ಕಟ್ಟಡವೆಲ್ಲ ಹೊಗೆಯಿಂದಲೂ ಉರಿಯಿಂದಲೂ ತುಂಬಿ, ನೂರು ಮಂದಿ ಪ್ರಾಣವನ್ನು ಕಳೆದುಕೊಂಡರು. ದೀಪ, ಊದುಬತ್ತಿ, ವಿದ್ಯುತ್ತಿನ ಹಳೆಯ ಬೋರ್ಡು ಇವೆಲ್ಲ ಇರುವ ಮನೆಯಲ್ಲಿ, ಬೆಂಕಿಯನ್ನು ತಡೆಯುವ ಗುಣ ಸಿದ್ಧಪಟ್ಟಿಲ್ಲದ ಯಾವ ಫೋಮನ್ನೂ ಗೋಡೆಗೆ ಹಚ್ಚಕೂಡದು.

ಹಾಗಾದರೆ ಏನನ್ನು ಆರಿಸಬೇಕು? ನಾನು ಮೊದಲ ಸ್ಥಾನವನ್ನು ಕೊಡುವುದು ರಾಕ್‌ವೂಲ್ ಎಂದು ಕರೆಯುವ ಕಲ್ಲುನಾರಿನ ಹಲಗೆಗೆ. ಕಾರ್ಖಾನೆಗಳ ಶೀಟಿನ ಛಾವಣಿಯ ಕೆಳಗೆ, ಹವಾನಿಯಂತ್ರಣದ ಕೊಳವೆಗಳ ಸುತ್ತ, ಶಾಖವನ್ನು ತಡೆಯಲು ಬಳಸುವ ವಸ್ತುವಿದು. ಶಿಲೆಯನ್ನು ಕರಗಿಸಿ ಎಳೆ ತೆಗೆದದ್ದಾದ್ದರಿಂದ ಉರಿಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಎರಡಂಗುಲ ದಪ್ಪದ, ಘನಮೀಟರಿಗೆ 48ರಿಂದ 64 ಕಿಲೋ ತೂಗುವ ಹಲಗೆಗಳನ್ನು ಕೊಂಡು ಎರಡನ್ನು ಜೋಡಿಸಿದರೆ ನಾಲ್ಕಂಗುಲದ ದಪ್ಪವಾಯಿತು. ಅದನ್ನು ಮರದ ಚೌಕಟ್ಟಿಗೆ ಕೂಡಿಸಿ, ಗೋಡೆಗೆ ಅಂಟಿಸದೆ ನಾಲ್ಕಂಗುಲ ಹೊರಕ್ಕೆ ನಿಲ್ಲಿಸಿದರೆ, ಮೇಲೆ ಹೇಳಿದ ನಿಯಮದಂತೆ ಬರಿಯ ಗಾಳಿಯ ಆ ಎಡೆಯೂ ದಪ್ಪದ ಕೆಲಸವನ್ನು ಬಹುಪಾಲು ಮಾಡಿಕೊಡುತ್ತದೆ. ಈ ಎಡೆಗೆ ಕಾಸೂ ಖರ್ಚಿಲ್ಲ. ಮೂಲೆಗಳಲ್ಲಿ ಇದೇ ಚೌಕಟ್ಟನ್ನು ಅಡ್ಡಲಾಗಿ, ಎರಡು ಗೋಡೆಗಳಿಗೂ ಓರೆಯಾಗಿ, ನೆಲದಿಂದ ಛಾವಣಿಯವರೆಗೆ ನಿಲ್ಲಿಸತಕ್ಕದ್ದು. ಸಾಧ್ಯವಾದರೆ ಹಿಂದಣ ತ್ರಿಕೋನವನ್ನೂ ಅದೇ ನಾರಿನಿಂದ ತುಂಬಬಹುದು. ಕತ್ತರಿಸುವಾಗ ಅದರ ಎಳೆಗಳು ಚರ್ಮಕ್ಕೆ ತುರಿಕೆಯನ್ನೂ ಗಂಟಲಿಗೆ ಕೆರೆತವನ್ನೂ ತರುವುದರಿಂದ ಕೈಗವಸು, ಮಾಸ್ಕು ಅವಶ್ಯವಾಗಿ ಬೇಕು. ಹೊದಿಕೆಯ ಬಟ್ಟೆಯು ಧ್ವನಿಯನ್ನು ಒಳಕ್ಕೆ ಬಿಡುವಂತಹುದಾಗಿರಬೇಕು. ಪರೀಕ್ಷೆ ಸುಲಭ: ಬಟ್ಟೆಯನ್ನು ಬಾಯಿಗೆ ಒತ್ತಿಹಿಡಿದು ಊದಿದರೆ ಉಸಿರು ತಡೆಯಿಲ್ಲದೆ ಆಚೆ ಹೋಗಬೇಕು. ಒರಟು ಖಾದಿಯೂ ಸಡಿಲ ನೇಯ್ಗೆಯ ಗೋಣಿತಾಟೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ರೆಕ್ಸಿನು ಸೋಲುತ್ತದೆ.

ತೆಂಗಿನ ಸೀಮೆಯಲ್ಲಿ ನಾರಿಗೆ ಬರವೆಲ್ಲಿ? ರಬ್ಬರು ಬೆರೆಸಿ ಒತ್ತಿದ ತೆಂಗಿನ ನಾರಿನ ಹಾಸಿಗೆಯನ್ನು, ನಾಲ್ಕೈದಂಗುಲ ದಪ್ಪವಿದ್ದರೆ, ಮೂಲೆಯಲ್ಲಿ ನಿಲ್ಲಿಸಿ ಬಟ್ಟೆ ಹೊದಿಸಿದರೆ ಮಧ್ಯಸ್ಥಾಯಿಗೆ ಬಹಳ ಒಳ್ಳೆಯದು. ಆದರೆ ಅದು ಉರಿಯಬಲ್ಲ ವಸ್ತುವೆಂಬುದನ್ನು ಮರೆಯಬಾರದು. ಹಿರಿಯರು ಹಗಲು ಹೊತ್ತಿನಲ್ಲಿ ಹತ್ತಿಯ ಹಾಸಿಗೆಗಳನ್ನು ಸುತ್ತಿ ಮೂಲೆಗೆ ಒಟ್ಟುತ್ತಿದ್ದರಲ್ಲ, ಅದು ಅವರಿಗೆ ತಿಳಿಯದೆಯೇ ನಡೆದ ಅತ್ಯುತ್ತಮ ಉಪಚಾರ. ಖರ್ಚು ಮಾಡಲು ಇಷ್ಟವಿಲ್ಲದವರು ಇಂದಿಗೂ ಅದರಿಂದಲೇ ಆರಂಭಿಸಬಹುದು. ಕುರಿಯ ಉಣ್ಣೆಯ ಕಂಬಳಿಯನ್ನು ಎರಡು ಮೂರು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕಂಗುಲ ಬಿಟ್ಟು, ಒತ್ತಾದ ನೆರಿಗೆಗಳೊಡನೆ ಇಳಿಬಿಟ್ಟರೆ ಅಂಗಡಿಯ ತೆಳು ಫೋಮಿಗಿಂತ ಎಷ್ಟೋ ಮೇಲು. ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರು ಎಷ್ಟೇ ದೊಡ್ಡದಾದರೂ, ರೇಷ್ಮೆಯ ತೆಳು ಪರದೆಯು ಕಣ್ಣಿಗೆ ಮಾತ್ರ ಸುಖ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಅಲಂಕಾರಕ್ಕೆಂದು ಗೋಡೆಗೆ ತೂಗುಹಾಕುವವರಿದ್ದಾರೆ. ನೋಟಕ್ಕೆ ಅದು ಬಹಳ ಸೊಗಸು, ನಾದಕ್ಕೆ ಅದರಿಂದ ಹೆಚ್ಚಿನ ಸಹಾಯವಿಲ್ಲ.

ಅತಿ ಕೆಳಗಿನ 47, 57ರ ಸ್ವರಗಳು ನಾರಿಗೆ ಸುಲಭವಾಗಿ ಮಣಿಯುವುದಿಲ್ಲ. ಅಲ್ಲಿ ಹಲಗೆಯ ಸಹಾಯವನ್ನು ಪಡೆಯಬೇಕು. ತೆಳುವಾದ ಪ್ಲೈವುಡ್ಡನ್ನು ರೀಪುಗಳ ಮೇಲೆ ಹೊಡೆದು ಹಿಂದೆ ಗಾಳಿಯ ಎಡೆಯನ್ನು ಬಿಟ್ಟರೆ, ಹಲಗೆಯ ತೂಕವೂ ಎಡೆಯ ಆಳವೂ ಸೇರಿ ಒಂದು ನಿಶ್ಚಿತ ಸ್ವರಕ್ಕೆ ಅದು ತಾನೇ ಅದುರಿ ಆ ಶಕ್ತಿಯನ್ನು ನುಂಗುತ್ತದೆ: ಆರು ಮಿಲಿಮೀಟರಿನ ಹಲಗೆ, ಹತ್ತು ಸೆಂಟಿಮೀಟರಿನ ಎಡೆ ಎಂದರೆ ಸುಮಾರು 100 ಹರ್ಟ್ಸ್, ಹಲಗೆ ಭಾರವಾದಷ್ಟೂ ಎಡೆ ಆಳವಾದಷ್ಟೂ ಸ್ವರವು ಕೆಳಗಿಳಿಯುವುದು. ಹಳೆಯ ಮನೆಗಳ ಹಲಗೆಯ ಅಟ್ಟವು ಮಂದ್ರವನ್ನು ಹದದಲ್ಲಿಟ್ಟಿದ್ದುದು ಈ ಬಗೆಯಿಂದಲೇ. ಕಂಠವುಳ್ಳ ಮಣ್ಣಿನ ಗಡಿಗೆಗೂ ಇಂತಹ ಶಕ್ತಿಯುಂಟು. ಹತ್ತು ಲೀಟರು ಹಿಡಿಯುವ, ಬಾಯಿ ಕಿರಿದಾದ ಗಡಿಗೆಯು ನೂರರ ಆಸುಪಾಸಿನ ಸ್ವರಕ್ಕೆ ಸ್ಪಂದಿಸಬಲ್ಲುದು. ಯುರೋಪಿನ ಮಧ್ಯಯುಗದ ಎಷ್ಟೋ ಇಗರ್ಜಿಗಳ ಗೋಡೆಗಳಲ್ಲಿ ಹೀಗೆ ಹೂಳಿದ ಮಡಕೆಗಳು ಸಿಕ್ಕಿವೆ. ಆದರೆ ಒಂದು ಗಡಿಗೆಯ ಪ್ರಭಾವ ಬಹು ಸಣ್ಣದು, ಒಂದೇ ಸ್ವರಕ್ಕೆ ಸೀಮಿತವಾದದ್ದು. ಗಡಿಗೆಗಳನ್ನು ಸಾಲಾಗಿ ಜೋಡಿಸುವ ಶ್ರಮಕ್ಕಿಂತ ಕುರ್ಚಿಯನ್ನು ಎರಡಡಿ ಸರಿಸುವುದರಿಂದ ಬರುವ ಫಲ ದೊಡ್ಡದು.

ಕುರ್ಚಿಯ ಮಾತು ನಗಣ್ಯವಲ್ಲ. ಬೆನ್ನ ಹಿಂದಿನ ಗೋಡೆಗೆ ತಲೆಯೊರಗಿಸಿ ಕುಳಿತರೆ ಮಂದ್ರವು ಉಬ್ಬಿ ಕೇಳುತ್ತದೆ. ಕೊಠಡಿಯ ನಟ್ಟನಡುವೆ ಕುಳಿತರೆ ಬತ್ತಿ ಕೇಳುತ್ತದೆ. ಹನ್ನೆರಡಡಿಯ ಉದ್ದದಲ್ಲಿ ಮುಂಗೋಡೆಯಿಂದ ಏಳು ಏಳೂವರೆ ಅಡಿಯ ಬಳಿ ತಲೆ ಇರುವಂತೆ ಕುಳಿತು, ಅಲ್ಲಿಂದ ಅರ್ಧರ್ಧ ಅಡಿ ಹಿಂದುಮುಂದು ಸರಿದು ಹಿತವಾದ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು. ಎರಡು ಸ್ಪೀಕರುಗಳೂ ಕೇಳುವವನೂ ಸಮಭುಜ ತ್ರಿಕೋನವಾಗಿರುವುದು ಲೇಸು. ಎಡಬಲದ ಗೋಡೆಗಳಿಂದ ಎರಡೂ ಸಮದೂರದಲ್ಲಿರಬೇಕು, ಮೂಲೆಗೆ ನೂಕಕೂಡದು.

ಇನ್ನು ಪಕ್ಕದ ಗೋಡೆಗಳಲ್ಲಿ ಚೌಕಟ್ಟುಗಳು ಎಲ್ಲಿ ಬರಬೇಕೆಂಬುದನ್ನು ತಿಳಿಯಲು ಮನೆಯ ಕನ್ನಡಿಯೇ ಸಾಕು. ಒಬ್ಬರು ಕುರ್ಚಿಯಲ್ಲಿ ಕುಳಿತಿರಲಿ. ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ಅಂಟಿಸಿ ಹಿಡಿದು ಮೆಲ್ಲಮೆಲ್ಲನೆ ಸರಿಸುತ್ತ ಹೋಗಲಿ. ಕುಳಿತವರಿಗೆ ಅದರಲ್ಲಿ ಸ್ಪೀಕರಿನ ಮುಖ ಕಂಡ ಜಾಗದಲ್ಲಿ ಸುಣ್ಣದ ಗುರುತು ಮಾಡಿರಿ. ಧ್ವನಿಯೂ ಬೆಳಕಿನಂತೆಯೇ ಆ ಬಿಂದುವಿನಿಂದ ಪುಟಿದು, ನೇರ ಬಂದ ಧ್ವನಿಗಿಂತ ಕೆಲವೇ ಮಿಲಿಸೆಕೆಂಡು ತಡವಾಗಿ, ಕಿವಿಗೆ ಬರುವುದು. ಗಾಯಕನು ಎಲ್ಲಿ ಕುಳಿತಿದ್ದಾನೆಂಬ ಭಾವನೆಯನ್ನು ಮಸುಕು ಮಾಡುವುದು ಈ ಮೊದಲ ಪುಟಿತವೇ. ಎರಡು ಗೋಡೆಗಳಲ್ಲಿ ಗುರುತು ಬಿದ್ದಲ್ಲಿ ಒಂದೊಂದು ಚೌಕಟ್ಟು, ಛಾವಣಿಯಲ್ಲಿಯೂ ಅದೇ ಲೆಕ್ಕದಿಂದ ಒಂದೆರಡು, ಮುಂದಿನ ನೆಲಕ್ಕೆ ಜಮಖಾನ. ಛಾವಣಿಗೆ ತೂಗುವುದನ್ನು ಬಡಗಿಯಿಂದಲೇ, ಗಟ್ಟಿ ಕೊಕ್ಕೆಗಳಿಂದ, ಮಾಡಿಸತಕ್ಕದ್ದು.

ಹಿಂದಿನ ಗೋಡೆಯನ್ನು ನಾರಿನಿಂದ ಮುಚ್ಚಿಬಿಡಬೇಡಿರೆಂದು ನಾನು ಕೇಳಿಕೊಳ್ಳುತ್ತೇನೆ. ಅಲ್ಲಿ ದಪ್ಪ, ತೆಳು, ಎತ್ತರ, ಗಿಡ್ಡ ಪುಸ್ತಕಗಳ ಒಂದು ಕಪಾಟು ಇದ್ದರೆ, ಧ್ವನಿಯು ಒಂದೇ ಕಡೆಗೆ ಪುಟಿಯದೆ ಹಲವು ಕಡೆಗೆ ಚೆದರುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರವನ್ನು ಚರಕಿಯಲ್ಲಿ ಕಡೆದು ಮಾಡುವ ಉರುಟು ಕಂಬಗಳನ್ನು ಬೇರೆ ಬೇರೆ ದಪ್ಪದಲ್ಲಿ ಮಾಡಿಸಿ ಸಾಲಾಗಿ ನಿಲ್ಲಿಸಿದರೂ ಇದೇ ಗುಣ, ಕಿರಿಯ ಅಲೆಗಳ ಮಟ್ಟಿಗೆ, ದೊರೆಯುವುದು; ಮನೆಯೂ ಊರಿನ ಕೈಗೆಲಸದಿಂದ ಶೋಭಿಸುವುದು. ಎಲ್ಲವನ್ನೂ ಹೀರಿಬಿಟ್ಟ ಕೊಠಡಿಯಲ್ಲಿ ನಮ್ಮ ಸಂಗೀತವು ಬದುಕಲಾರದೆಂಬುದು ನನ್ನ ದೃಢವಾದ ನಂಬಿಕೆ. ತಂಬೂರಿಯ ಕುದುರೆಯ ಮೇಲೆ ಜೀವಾಳದ ಎಳೆಯನ್ನು ಕೂಡಿಸಿದಾಗ ಒಂದು ತಂತಿಯಿಂದ ಮೇಲಿನ ಸ್ವರಾಂಶಗಳ ಒಂದು ಪರಿವಾರವೇ ಏಳುವುದನ್ನೂ, ಮೃದಂಗದ ಕರಣೆಯು ಚರ್ಮದ ಒರಟು ಸದ್ದನ್ನು ಶ್ರುತಿಶುದ್ಧವಾದ ನಾದವಾಗಿ ಮಾರ್ಪಡಿಸುವುದನ್ನೂ ರಾಮನ್ನರು ಶಾಸ್ತ್ರೀಯವಾಗಿ ವಿವರಿಸಿದರು. ಮೃದಂಗವನ್ನು ಕುರಿತ ಅವರ ವಿಸ್ತಾರವಾದ ಪ್ರಬಂಧವು 1934ರಲ್ಲಿ ಬೆಂಗಳೂರಿನಲ್ಲಿಯೇ ಪ್ರಕಟವಾಯಿತು. ಆ ಮೇಲಿನ ಅಂಶಗಳೇ ಮೊದಲು ತೆಳು ಫೋಮಿಗೆ ಬಲಿಯಾಗತಕ್ಕವು. ಆದುದರಿಂದ ಚೌಕಟ್ಟುಗಳನ್ನು ಎರಡೆರಡಾಗಿ ಕೂಡಿಸುತ್ತ, ಪ್ರತಿಸಲವೂ ಚಿರಪರಿಚಿತವಾದ ಒಂದೇ ಹಾಡನ್ನು ಕೇಳುತ್ತ, ತಂಬೂರಿಯ ಝೇಂಕಾರವು ಮಂಕಾಯಿತೆಂದು ತೋರಿದೊಡನೆ ನಿಲ್ಲಿಸಬೇಕು.

ಇಷ್ಟೆಲ್ಲವನ್ನೂ ಮಾಡಿದರೂ ಹೆದ್ದಾರಿಯ ಲಾರಿಯ ಸದ್ದಾಗಲಿ ಪಕ್ಕದ ಮನೆಯ ಮಿಕ್ಸಿಯ ಸದ್ದಾಗಲಿ ಒಳಕ್ಕೆ ಬರುವುದು ನಿಲ್ಲುವುದಿಲ್ಲ. ಒಳಗಿನ ಧ್ವನಿಯನ್ನು ಹದಗೊಳಿಸುವುದು ಒಂದು ಕೆಲಸ, ಹೊರಗಿನ ಧ್ವನಿಯನ್ನು ತಡೆಯುವುದು ಇನ್ನೊಂದು. ತಡೆಯುವುದಕ್ಕೆ ಬೇಕಾದದ್ದು ತೂಕ ಮತ್ತು ಬಿಗಿ: ಗೋಡೆಯ ಭಾರವು ಇಮ್ಮಡಿಯಾದರೆ ಸುಮಾರು ಆರು ಡೆಸಿಬೆಲ್ ತಗ್ಗೀತು, ಆದರೆ ಬಾಗಿಲ ಕೆಳಗಿನ ಅರ್ಧಂಗುಲದ ಸಂದು ಆ ಲಾಭವನ್ನೆಲ್ಲ ಕಳೆಯುತ್ತದೆ. ಬಾಗಿಲು ಕಿಟಕಿಗಳ ಸುತ್ತ ರಬ್ಬರಿನ ಪಟ್ಟಿಯನ್ನು ಕೂಡಿಸುವುದೇ ಇಲ್ಲಿ ಮೊದಲ ಕೆಲಸ.

ಇನ್ನೂ ಮನೆಯನ್ನು ಕಟ್ಟದಿರುವವರಿಗೆ ಈ ತೊಂದರೆಗಳಲ್ಲಿ ಅರ್ಧವನ್ನು ನಕ್ಷೆಯ ಮೇಲೆಯೇ ನಿವಾರಿಸಿಕೊಳ್ಳುವ ಭಾಗ್ಯವುಂಟು. ಎತ್ತರ ಹತ್ತಡಿಯಾದರೆ ಅಗಲವನ್ನು ಹನ್ನೊಂದೂವರೆ ಅಡಿ, ಉದ್ದವನ್ನು ಹದಿನಾಲ್ಕು ಅಡಿ ಇಡಿಸಿರಿ. ಜಾಗವಿದ್ದರೆ ಹದಿಮೂರಕ್ಕೆ ಹದಿನೈದೂವರೆ. ಆಗ ಮೂರು ಅಳತೆಗಳ ಸ್ವರಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳುತ್ತವೆ. ಆಯವನ್ನು ನೋಡಿ ಕೊಠಡಿಯ ಉದ್ದಗಲಗಳಲ್ಲಿ ಅಂಗುಲಗಳನ್ನು ಕೂಡಿಸಿ ಕಳೆದು ಗೊತ್ತುಮಾಡುವುದು ನಮ್ಮ ಕಡೆಯ ಮೇಸ್ತ್ರಿಗಳಿಗೆ ಹೊಸದೇನಲ್ಲ. ಧ್ವಜಾಯಕ್ಕೂ ಗಜಾಯಕ್ಕೂ ಹೊಂದಿಸುವಾಗಲೇ ಅಗಲವೂ ಎತ್ತರವೂ ಸಮನಾಗದಂತೆ ನೋಡಿಕೊಳ್ಳಬೇಕೆಂದು ತಳಪಾಯ ತೋಡುವ ಮುನ್ನ ಅವರೊಡನೆ ಕುಳಿತು ಹೇಳಿದರೆ, ಅವರು ಅದನ್ನು ಮಾಡಿಕೊಡಬಲ್ಲರು.